ಡರ್ಹಮ್ ಧರ್ಮಪ್ರಾಂತ್ಯ ಮತ್ತು ಅದರ ಮಧ್ಯಯುಗದ ಬಿಷಪರು: ಪದೇ ಪದೇ ಕೇಳುವ ಪ್ರಶ್ನೆಗಳು

ಡರ್ಹಮ್ ಇರುವುದು ಇಂಗ್ಲೆಂಡಿನ ಈಶಾನ್ಯದಲ್ಲಿ, ವೇರ್ ನದಿ ಮೂರು ಕಡೆ ಬಳಸಿ ಹರಿಯುವ ಬಂಡೆಗುಡ್ಡದ ಮೇಲೆ. ಮಧ್ಯಯುಗದಲ್ಲಿ ಇಲ್ಲಿನ ಬಿಷಪ್ ಪಾದ್ರಿಗಳಿಗೆ ದೀಕ್ಷೆ ಕೊಡುತ್ತಿದ್ದ. ಅವನ ಹೆಸರಿನಲ್ಲೇ ನ್ಯಾಯಾಲಯಗಳು ಗಲ್ಲು ವಿಧಿಸುತ್ತಿದ್ದವು, ಟಂಕಸಾಲೆ ಬೆಳ್ಳಿ ನಾಣ್ಯ ಹೊಡೆಯುತ್ತಿತ್ತು. ಎರಡೂ ಅಧಿಕಾರ ಒಬ್ಬನ ಕೈಯಲ್ಲಿದ್ದುದರಿಂದ ಈ ಧರ್ಮಪ್ರಾಂತ್ಯದ ಇತಿಹಾಸ ಓದುವವರಿಗೆ ತೊಡಕುಗಳು ಜಾಸ್ತಿ. ಹೆಚ್ಚಿನವು ಯಾವ ಕೆಲಸವನ್ನು ಅವನು ಬಿಷಪನಾಗಿ ಮಾಡಿದ, ಯಾವುದನ್ನು ಜಮೀನಿನ ಒಡೆಯನಾಗಿ ಮಾಡಿದ ಎಂದು ಬೇರ್ಪಡಿಸದೆ ಓದುವುದರಿಂದ ಹುಟ್ಟುವಂಥವು.

ಧರ್ಮಪ್ರಾಂತ್ಯ ಶುರುವಾದದ್ದು ಯಾವ ವರ್ಷ? ಒಂದೊಂದು ಕಡೆ ಒಂದೊಂದು ಇಸವಿ ಇದೆಯಲ್ಲ?

635, 883, 995 ಎಂಬ ಮೂರು ಇಸವಿಗಳು ಕಾಣಿಸುತ್ತವೆ, ಮೂರೂ ಸರಿಯೇ. ಬಿಷಪನ ಪೀಠ, ಅಂದರೆ ಅವನ ಅಧಿಕೃತ ನೆಲೆ, ಮೂರು ಊರುಗಳಲ್ಲಿ ಇದ್ದಿತು.

635ರಲ್ಲಿ ನಾರ್ತಂಬ್ರಿಯದ ರಾಜ ಓಸ್ವಾಲ್ಡ್ ಐಯೋನಾ ಮಠದಿಂದ ಏಡನ್ ಎಂಬ ಐರಿಷ್ ಸನ್ಯಾಸಿಯನ್ನು ಕರೆಸಿ ಲಿಂಡಿಸ್ಫಾರ್ನ್ ದ್ವೀಪದಲ್ಲಿ ನೆಲೆ ಮಾಡಿಕೊಟ್ಟ. ಸಮುದ್ರದ ಉಬ್ಬರ ಇಳಿದಾಗ ಮಾತ್ರ ಕಾಲ್ನಡಿಗೆಯಲ್ಲಿ ತಲುಪಬಹುದಾದ ಜಾಗ ಅದು. 793ರಲ್ಲಿ ವೈಕಿಂಗರು ಅದರ ಮೇಲೆ ದಾಳಿ ಮಾಡಿದರು. ಆದರೆ ಸನ್ಯಾಸಿಗಳು ದ್ವೀಪ ಬಿಟ್ಟದ್ದು ಆಗಲ್ಲ, 875ರಲ್ಲಿ. ಈ ಎರಡು ಘಟನೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ನಡುವಿನ 80 ವರ್ಷ ನುಂಗಿಬಿಡುವ ಬರಹಗಳು ಬಹಳ. ಏಳೆಂಟು ವರ್ಷ ಅಲ್ಲಿ ಇಲ್ಲಿ ಅಲೆದು, 883ರಲ್ಲಿ ಚೆಸ್ಟರ್-ಲೆ-ಸ್ಟ್ರೀಟ್‌ನಲ್ಲಿ ನಿಂತರು. 995ರಲ್ಲಿ ಬಿಷಪ್ ಆಲ್ಡ್‌ಹನ್ ಪೀಠವನ್ನು ಡರ್ಹಮ್ ಗುಡ್ಡಕ್ಕೆ ತಂದ. ಅಂದಿನಿಂದ ಅದು ಅಲ್ಲೇ ಇದೆ.

‘ಡರ್ಹಮ್‌ನ ಮೊದಲ ಬಿಷಪ್ ಯಾರು’ ಎಂದರೆ ಆಲ್ಡ್‌ಹನ್. ‘ಈ ಪೀಠದ ಮೊದಲ ಬಿಷಪ್ ಯಾರು’ ಎಂದರೆ ಏಡನ್.

ಸಂತ ಕತ್ಬರ್ಟ್ ಹೆಸರು ಎಲ್ಲ ಕಡೆ ಬರುತ್ತದೆ. ಏನು ಕಾರಣ?

ಡರ್ಹಮ್‌ನಲ್ಲಿ ಜಮೀನು ಇದ್ದದ್ದು ಬಿಷಪನ ಹೆಸರಿನಲ್ಲಲ್ಲ, ಸಂತನ ಹೆಸರಿನಲ್ಲಿ. ದೇವರ ಹೆಸರಿಗೆ ಬಿಟ್ಟ ಉಂಬಳಿಯ ಹಾಗೆ ಒಡೆತನ ಸಂತ ಕತ್ಬರ್ಟರದು, ಬಿಷಪನೂ ಸನ್ಯಾಸಿಗಳೂ ನೋಡಿಕೊಳ್ಳುವವರು. ಆ ಒಡೆಯರ ದೇಹ ಎಲ್ಲಿದೆಯೋ ಅಲ್ಲಿ ಪೀಠ. 875ರಲ್ಲಿ ಓಡಿದವರು ಶವಪೆಟ್ಟಿಗೆಯನ್ನು ಹೊತ್ತುಕೊಂಡೇ ಓಡಿದ್ದು ಅದಕ್ಕೆ.

ಕತ್ಬರ್ಟ್ ಲಿಂಡಿಸ್ಫಾರ್ನ್ ಬಿಷಪರಾಗಿದ್ದದ್ದು 685ರಿಂದ ಎರಡೇ ವರ್ಷ. ತೀರಿಕೊಂಡದ್ದು 687ರ ಮಾರ್ಚ್ 20ರಂದು, ಫಾರ್ನ್ ದ್ವೀಪದ ತಮ್ಮ ಗುಡಿಸಲಲ್ಲಿ. 698ರಲ್ಲಿ ಸಮಾಧಿ ತೆರೆದ ಸನ್ಯಾಸಿಗಳು ದೇಹ ಕೊಳೆತಿಲ್ಲ ಎಂದು ಸಾರಿದರು. 1104ರಲ್ಲಿ ಹೊಸ ಕೆಥೆಡ್ರಲ್‌ಗೆ ಸ್ಥಳಾಂತರಿಸುವಾಗ ಮತ್ತೆ ತೆರೆದರು, ಆಗಲೂ ಅದೇ ಮಾತು. ಪೆಟ್ಟಿಗೆಯೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದೊಂದು ಯೊವಾನ್ನನ ಸುವಾರ್ತೆಯ ಹಸ್ತಪ್ರತಿ ಸಿಕ್ಕಿತು. ಹೊಲಿಗೆ, ಕೆಂಪು ಚರ್ಮದ ರಟ್ಟು ಎಲ್ಲವೂ ಮೂಲದ್ದೇ. 2012ರಲ್ಲಿ ಬ್ರಿಟಿಷ್ ಲೈಬ್ರರಿ ಅದನ್ನು 90 ಲಕ್ಷ ಪೌಂಡ್ ಕೊಟ್ಟು ಕೊಂಡಿತು. 1827ರಲ್ಲಿ ತೆರೆದಾಗ ಸಿಕ್ಕಿದ್ದು ಎಲುಬುಗಳು, ಬಟ್ಟೆಯ ಮಡಿಕೆಯಲ್ಲಿ ಉಳಿದಿದ್ದ ಚಿನ್ನ ಮತ್ತು ಕೆಂಪು ಗಾರ್ನೆಟ್ ಕಲ್ಲಿನ ಎದೆಶಿಲುಬೆ. ಆ ಶಿಲುಬೆಯನ್ನೂ ಮರದ ಪೆಟ್ಟಿಗೆಯ ತುಂಡುಗಳನ್ನೂ ಕೆಥೆಡ್ರಲ್‌ನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಧರ್ಮಪ್ರಾಂತ್ಯದ ಗಡಿಯೂ ಬಿಷಪನ ಆಳ್ವಿಕೆಯ ಗಡಿಯೂ ಒಂದೇನಾ?

ಅಲ್ಲ. ಹೆಚ್ಚು ಜನ ಎಡವುವುದು ಇಲ್ಲೇ.

ಧರ್ಮಪ್ರಾಂತ್ಯ ದಕ್ಷಿಣಕ್ಕೆ ಟೀಸ್ ನದಿಯಿಂದ ಉತ್ತರಕ್ಕೆ ಸ್ಕಾಟ್ಲೆಂಡಿನ ಗಡಿಯವರೆಗೆ. ಅದರಲ್ಲಿ ಡರ್ಹಮ್, ನಾರ್ತಂಬರ್ಲೆಂಡ್ ಎಂಬ, ಬಿಷಪನ ಕೆಳಗಿನ ಮೇಲ್ವಿಚಾರಕ ಪಾದ್ರಿಗಳ ಎರಡು ಆರ್ಚ್‌ಡೀಕನ್ ವಿಭಾಗಗಳು. ಲೌಕಿಕ ಆಳ್ವಿಕೆ ಮುಖ್ಯವಾಗಿ ಟೈನ್ ಮತ್ತು ಟೀಸ್ ನದಿಗಳ ನಡುವಿನ ನೆಲಕ್ಕೆ ಸೀಮಿತ. ಇದರ ಜೊತೆಗೆ ಉತ್ತರದಲ್ಲಿ ನಾರಮ್, ಲಿಂಡಿಸ್ಫಾರ್ನ್ ಸುತ್ತಲಿನ ಐಲೆಂಡ್‌ಶೈರ್ ಮತ್ತು ಬೆಡ್ಲಿಂಗ್ಟನ್ ಎಂಬ ಬಿಡಿ ತುಂಡುಗಳು ಬಿಷಪನ ಕೈಯಲ್ಲಿದ್ದವು. ನ್ಯೂಕಾಸಲ್ ಊರು ಧರ್ಮಪ್ರಾಂತ್ಯದೊಳಗೆ, ಆದರೆ ಅಲ್ಲಿ ಕಂದಾಯ ರಾಜನದು. ಟೈನ್ ಸೇತುವೆ ದಾಟಿ ಈಚೆಗೆ ಗೇಟ್ಸ್‌ಹೆಡ್‌ಗೆ ಬಂದರೆ ಬಿಷಪನದು. ಯಾರ್ಕ್‌ಶೈರ್‌ನ ನಾರ್ತಲರ್ಟನ್ ಮತ್ತು ಹೌಡನ್ ಇದಕ್ಕೆ ತಿರುಗುಮುರುಗು: ಜಮೀನಿನ ಒಡೆಯ ಡರ್ಹಮ್ ಬಿಷಪ್, ಅಲ್ಲಿನ ಜನ ಸೇರಿದ್ದು ಯಾರ್ಕ್ ಧರ್ಮಪ್ರಾಂತ್ಯಕ್ಕೆ.

ಹಳೆಯ ದಾಖಲೆಯಲ್ಲಿ ಊರಿನ ಹೆಸರು ಕಂಡರೆ ಅದು ಯಾರ ಧರ್ಮಪ್ರಾಂತ್ಯ, ಯಾರ ಕಂದಾಯ ಎಂದು ಎರಡು ಸಲ ಕೇಳಿಕೊಳ್ಳಿ.

ರಾಜನಿಗಿರುವ ಅಧಿಕಾರ ಬಿಷಪನಿಗೆ ಯಾರು ಕೊಟ್ಟರು, ಯಾವಾಗ?

1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ ದೊರೆ ಒಂದು ಸನ್ನದು ಬರೆದುಕೊಟ್ಟ ಎಂದು ಎಷ್ಟೋ ಕಡೆ ಓದುತ್ತೀರಿ. ಅಂಥ ಸನ್ನದು ಇಲ್ಲ. ಅಧಿಕಾರ ಒಂದೊಂದಾಗಿ ಕೂಡುತ್ತಾ ಬಂದದ್ದು. ನಂತರದ ಬಿಷಪರು ‘ನೆನಪಿಗೂ ಮೀರಿದ ಕಾಲದಿಂದ ಇದು ನಮ್ಮದು’ ಎಂದು ವಾದಿಸಿ ಗಟ್ಟಿ ಮಾಡಿಕೊಂಡರು.

ದಾರಿ ಸುಲಭದ್ದಾಗಿರಲಿಲ್ಲ. 1069ರ ಜನವರಿಯಲ್ಲಿ ರಾಜ ಕಳಿಸಿದ ಅರ್ಲ್ (ಪ್ರಾಂತ್ಯ ಆಳುವ ಸರದಾರ) ರಾಬರ್ಟ್ ಡರ್ಹಮ್‌ನಲ್ಲೇ ತನ್ನ ಪಡೆಯ ಸಮೇತ ಕೊಲೆಯಾದ. ಆಮೇಲೆ ಬಂದ ಬಿಷಪ್ ವಾಲ್ಚರ್ ಇಂದಿನ ಬೆಲ್ಜಿಯಂನ ಲಿಯೇಜ್ ಕಡೆಯವನು. ಅವನಿಗೆ ನಾರ್ತಂಬ್ರಿಯದ ಅರ್ಲ್ ಪದವಿಯನ್ನೂ ಸೇರಿಸಿ ಕೊಟ್ಟರು. ಅವನ ಕಡೆಯವರು ಲಿಗುಲ್ಫ್ ಎಂಬ ಸ್ಥಳೀಯ ಮುಖಂಡನನ್ನು ಕೊಂದರು. ರಾಜಿ ಮಾತಿಗೆಂದು 1080ರ ಮೇ 14ರಂದು ಗೇಟ್ಸ್‌ಹೆಡ್‌ಗೆ ಹೋದ ಬಿಷಪನನ್ನು ಜನ ಚರ್ಚಿನೊಳಗೆ ಕೂಡಿ, ಚರ್ಚಿಗೆ ಬೆಂಕಿ ಇಟ್ಟು, ಹೊರಗೆ ಬಂದಾಗ ಕೊಂದರು.

ಇಷ್ಟಾದ ಮೇಲೂ ರಾಜರು ಬಿಷಪನನ್ನೇ ನೆಚ್ಚಿಕೊಂಡದ್ದೇಕೆ? ಲಂಡನ್ ಸುಮಾರು 420 ಕಿಲೋಮೀಟರ್ ದೂರ, ಆಚೆ ಸ್ಕಾಟ್ಲೆಂಡ್. ಗಡಿಯಲ್ಲಿ ಬಲವಾದ ಕೈ ಬೇಕು, ಆದರೆ ಆ ಕೈಗೆ ವಾರಸುದಾರ ಇರಬಾರದು. ಅರ್ಲ್ ಸತ್ತರೆ ಮಗ ಬರುತ್ತಾನೆ. ಬಿಷಪ್ ಸತ್ತರೆ ಆಸ್ತಿ ರಾಜನ ಕೈಗೆ ಬಂದು, ಮುಂದಿನವನು ಯಾರೆಂದು ಹೇಳುವ ಅವಕಾಶವೂ ಸಿಗುತ್ತದೆ.

13ನೇ ಶತಮಾನದ ಕೊನೆಗೆ ಬಿಷಪನಿಗೆ ಸ್ವಂತ ಶೆರಿಫ್, ನ್ಯಾಯಾಧೀಶರು, ಖಜಾನೆ, ಪತ್ರಾಗಾರ, ಟಂಕಸಾಲೆ ಎಲ್ಲ ಇದ್ದವು. ರಾಜನಿಗೆ ಹೊರಗೆ ಏನೇನು ಉಂಟೋ ಬಿಷಪನಿಗೆ ಒಳಗೆ ಅದೆಲ್ಲ ಉಂಟು ಎಂಬುದು ವಕೀಲರ ಮಾತಾಯಿತು. ಬಿಷಪ್ ಆಂಟನಿ ಬೆಕ್ ಕಾಲದಲ್ಲಿ ಅವನ ಅಧಿಕಾರಿಯೊಬ್ಬ ‘ಇಂಗ್ಲೆಂಡಿನಲ್ಲಿ ಇಬ್ಬರು ರಾಜರು, ಒಬ್ಬರಿಗೆ ಕಿರೀಟ, ಒಬ್ಬರಿಗೆ ಬಿಷಪರ ಮುಡಿ (ಮೈಟರ್ ಎಂಬ ಎತ್ತರದ ಟೋಪಿ)’ ಎನ್ನುವಷ್ಟು ದೂರ ಹೋದ. ರಾಜ ಒಂದನೇ ಎಡ್ವರ್ಡ್ ಬೆಕ್‌ನ ಲೌಕಿಕ ಆಸ್ತಿಯನ್ನು ಎರಡು ಸಲ ವಶಪಡಿಸಿಕೊಂಡು ರಾಜ ಒಬ್ಬನೇ ಎಂದು ತೋರಿಸಿದ.

ಅಂದಹಾಗೆ, ಪ್ರವಾಸಿ ಫಲಕಗಳಲ್ಲಿ ಕಾಣುವ ‘ಪ್ರಿನ್ಸ್ ಬಿಷಪ್’ ಎಂಬ ಬಿರುದು ಈಚಿನದು. ಆ ಕಾಲದ ಯಾವ ಬಿಷಪನೂ ಹಾಗೆ ಸಹಿ ಹಾಕಲಿಲ್ಲ.

ಬಿಷಪನ ಆಯ್ಕೆ ಹೇಗೆ ನಡೆಯುತ್ತಿತ್ತು?

ಕಾಗದದ ಮೇಲಿನ ಕ್ರಮ ಹೀಗೆ.

ಬಿಷಪ್ ತೀರಿಕೊಂಡ ಕೂಡಲೇ ಆಸ್ತಿ ಎರಡು ಭಾಗ. ಜಮೀನು, ಕೋಟೆ, ಬಾಡಿಗೆ ರಾಜನ ಅಧಿಕಾರಿಯ ವಶಕ್ಕೆ. ದೀಕ್ಷೆ, ತಪಾಸಣೆ, ಪಾದ್ರಿಗಳ ನೇಮಕದಂಥ ಆಧ್ಯಾತ್ಮಿಕ ಅಧಿಕಾರ ಯಾರಿಗೆ ಎಂಬುದು ಜಗಳದ ವಿಷಯ: ಡರ್ಹಮ್ ಬಿಷಪನಿಗೂ ಮೇಲಿನವನಾದ ಯಾರ್ಕ್ ಆರ್ಚ್‌ಬಿಷಪ್ ತನಗೆ ಎನ್ನುತ್ತಿದ್ದ, ಡರ್ಹಮ್ ಕೆಥೆಡ್ರಲ್ ಮಠದ ಸನ್ಯಾಸಿಗಳು ತಮಗೆ ಎನ್ನುತ್ತಿದ್ದರು. 1283ರಲ್ಲಿ ತಪಾಸಣೆಗೆಂದು ಬಂದ ಆರ್ಚ್‌ಬಿಷಪ್ ವಿಕ್ವೇನ್ ಊರಿನವರ ಕೈಗೆ ಸಿಗದಂತೆ ಓಡಿಹೋಗಬೇಕಾಯಿತು.

ಆಮೇಲೆ ಮಠದಿಂದ ಸನ್ಯಾಸಿಗಳು ಹೋಗಿ ರಾಜನಿಂದ ಚುನಾವಣೆಗೆ ಅನುಮತಿಪತ್ರ ತರಬೇಕು. ಸಭೆಯ ದಿನ ಗೊತ್ತು ಮಾಡಿ, ಊರಲ್ಲಿಲ್ಲದ ಸದಸ್ಯರನ್ನೂ ಕರೆಸಬೇಕು. ಕರೆಸದಿದ್ದರೆ ಅದೊಂದೇ ಕಾರಣಕ್ಕೆ ಆಯ್ಕೆ ಬಿದ್ದುಹೋಗಬಹುದು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಮೂರೇ ವಿಧಾನಗಳನ್ನು ಒಪ್ಪಿತ್ತು: ಮೂವರು ನಂಬಿಕಸ್ಥರು ಒಬ್ಬೊಬ್ಬರ ಮತವನ್ನು ಗುಟ್ಟಾಗಿ ಕೇಳಿ ಬರೆದುಕೊಳ್ಳುವುದು, ಕೆಲವೇ ಮಂದಿಗೆ ಆಯ್ಕೆಯನ್ನು ವಹಿಸಿಬಿಡುವುದು, ಅಥವಾ ಎಲ್ಲರೂ ಒಂದೇ ಬಾಯಿಂದ ಒಂದೇ ಹೆಸರು ಹೇಳುವುದು. ಮೂರನೆಯದು ಪವಿತ್ರಾತ್ಮರ ಪ್ರೇರಣೆ ಎನಿಸಿಕೊಂಡರೂ ಒಬ್ಬನ ಅಪಸ್ವರಕ್ಕೆ ಕೆಡುತ್ತಿತ್ತು.

ಆಯ್ಕೆಯಾದವನಿಗೆ ಮೊದಲು ರಾಜನ ಒಪ್ಪಿಗೆ, ನಂತರ ಯಾರ್ಕ್ ಆರ್ಚ್‌ಬಿಷಪನ ಸ್ಥಿರೀಕರಣ. ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದ ಮೇಲೆ ಲೌಕಿಕ ಆಸ್ತಿ ವಾಪಸು. ಕನಿಷ್ಠ ಮೂವರು ಬಿಷಪರ ಕೈಯಿಂದ ದೀಕ್ಷೆ. ಕೊನೆಗೆ ಡರ್ಹಮ್‌ನಲ್ಲಿ ಪೀಠಾರೋಹಣ.

ವಾಸ್ತವದಲ್ಲಿ ಇದು ಎಲ್ಲಿ ಬೇಕಾದರೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪೀಠ ಖಾಲಿ ಇದ್ದಷ್ಟು ದಿನ ಆದಾಯ ರಾಜನಿಗೆ, ಹಾಗಾಗಿ ಅವನಿಗೆ ಅವಸರವಿಲ್ಲ. 1096ರಿಂದ ಮೂರು ವರ್ಷ, 1128ರಿಂದ ಐದು ವರ್ಷ, 1208ರಿಂದ ಒಂಬತ್ತು ವರ್ಷ ಪೀಠ ಖಾಲಿ ಬಿದ್ದಿತ್ತು. 1096ರಲ್ಲಿ ಖಾಲಿ ಪೀಠದ ಆದಾಯವನ್ನು ರಾಜನಿಗಾಗಿ ಹೀರಿದ ರಾನುಲ್ಫ್ ಫ್ಲಾಂಬಾರ್ಡ್ 1099ರಲ್ಲಿ ತಾನೇ ಬಿಷಪನಾದ. ಮರುವರ್ಷ ಹೊಸ ರಾಜ ಅವನನ್ನು ಲಂಡನ್ ಟವರ್‌ನಲ್ಲಿ ಹಾಕಿದ. 1101ರಲ್ಲಿ ದ್ರಾಕ್ಷಾರಸದ ಪೀಪಾಯಿಯಲ್ಲಿ ಬಚ್ಚಿಟ್ಟು ಕಳಿಸಿದ ಹಗ್ಗ ಹಿಡಿದು ಇಳಿದು ಪರಾರಿಯಾದ. ಆಮೇಲೆ ಅದೇ ರಾಜನೊಡನೆ ರಾಜಿಯಾಗಿ 1128ರವರೆಗೆ ಬಿಷಪನಾಗೇ ಇದ್ದು ಕೆಥೆಡ್ರಲ್‌ನ ಉದ್ದ ಹಜಾರದ ಗೋಡೆಗಳನ್ನು ಬಹುತೇಕ ಎಬ್ಬಿಸಿದ.

14ನೇ ಶತಮಾನದಿಂದ ಪೋಪ್ ನೇರವಾಗಿ ನೇಮಿಸುವುದೇ ರೂಢಿಯಾಯಿತು. ರಾಜ ಹೆಸರು ಸೂಚಿಸುತ್ತಾನೆ, ಪೋಪ್ ನೇಮಿಸುತ್ತಾರೆ, ಸನ್ಯಾಸಿಗಳ ಚುನಾವಣೆ ಬರೀ ಶಾಸ್ತ್ರ.

ಲ್ಯಾಟಿನ್ ಓದಲು ಬಾರದ ಬಿಷಪ್ ಇದ್ದನಂತೆ, ನಿಜವೇ?

ಲೂಯಿ ದ ಬೋಮಾಂಟ್. 1316ರಲ್ಲಿ ಸನ್ಯಾಸಿಗಳು ಫಿಂಕೇಲ್ ಮಠದ ಹೆನ್ರಿಯನ್ನು ಆರಿಸಿದ್ದರು. ರಾಣಿ ಇಸಬೆಲ್ಲಾಳ ಸಂಬಂಧಿಯಾದ ಲೂಯಿಯ ಪರ ರಾಜ-ರಾಣಿಯ ಒತ್ತಡ ಬಿದ್ದು ಪೋಪ್ 22ನೇ ಯೊವಾನ್ನರು 1317ರ ಫೆಬ್ರವರಿಯಲ್ಲಿ ಅವನನ್ನು ನೇಮಿಸಿದರು.

ಆ ಸೆಪ್ಟೆಂಬರಿನಲ್ಲಿ ದೀಕ್ಷೆಗೆಂದು ಇಬ್ಬರು ಕಾರ್ಡಿನಲ್‌ಗಳ ಜೊತೆ ಡರ್ಹಮ್‌ಗೆ ಹೊರಟವನನ್ನು ಊರಿಗೆ ಕೆಲವೇ ಮೈಲಿ ದೂರದ ರಶಿಫೋರ್ಡ್ ಬಳಿ ಗಿಲ್ಬರ್ಟ್ ಮಿಡಲ್ಟನ್ ಎಂಬ ನೈಟ್ ಅಡ್ಡಗಟ್ಟಿದ. ಕಾರ್ಡಿನಲ್‌ಗಳನ್ನು ದೋಚಿ ಬಿಟ್ಟ. ಲೂಯಿಯನ್ನೂ ಅವನ ಸೋದರನನ್ನೂ ಮಿಟ್‌ಫರ್ಡ್ ಕೋಟೆಯಲ್ಲಿಟ್ಟು ಬಿಡುಗಡೆಗೆ ಹಣ ಕೇಳಿದ. ಕೊನೆಗೆ ದೀಕ್ಷೆ ನಡೆದದ್ದು 1318ರ ಮಾರ್ಚ್ 26ರಂದು, ದೂರದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ.

ದೀಕ್ಷೆಯಲ್ಲಿ ಓದಬೇಕಾದ ಲ್ಯಾಟಿನ್ ಪಾಠವನ್ನು ಅವನಿಗೆ ದಿನಗಟ್ಟಲೆ ಬಾಯಿಪಾಠ ಮಾಡಿಸಿದ್ದರಂತೆ. ‘ಮೆತ್ರೊಪೊಲಿತಿಚೆ’ ಎಂಬ ಪದ ಬಂದಾಗ ನಾಲಿಗೆ ಹೊರಳಲಿಲ್ಲ. ಒದ್ದಾಡಿ, ಉಸಿರೆಳೆದುಕೊಂಡು, ಫ್ರೆಂಚಿನಲ್ಲಿ ‘ಓದಿದ ಹಾಗೇ ಇರಲಿ ಬಿಡಿ’ ಎಂದ. ಇನ್ನೊಮ್ಮೆ ಬೇರೊಂದು ಪದಕ್ಕೆ ಸಿಕ್ಕಿಬಿದ್ದಾಗ ‘ಸಂತ ಲೂಯಿಯಾಣೆ, ಇದನ್ನು ಇಲ್ಲಿ ಬರೆದವನಿಗೆ ಮರ್ಯಾದೆ ಇಲ್ಲ’ ಎಂದನಂತೆ.

ಕಥೆ ಸೊಗಸಾಗಿದೆ, ಆದರೆ ಹೇಳಿದವನು ಯಾರು ಎಂದೂ ನೋಡಬೇಕು. ಡರ್ಹಮ್ ಸನ್ಯಾಸಿ ರಾಬರ್ಟ್ ಗ್ರೇಸ್ಟೇನ್ಸ್ ಬರೆದದ್ದು ಇದು, ತಮ್ಮ ಅಭ್ಯರ್ಥಿಯನ್ನು ಬದಿಗೆ ತಳ್ಳಿದವನ ಬಗ್ಗೆ ಮಠದ ಒಳಗಿನವನು ಬರೆದದ್ದು. ಲೂಯಿಗೆ ಲ್ಯಾಟಿನ್ ಕಷ್ಟವಾಗಿತ್ತು ಎಂಬುದನ್ನು ನಂಬಬಹುದು. ಮಾತಿನ ಒಗ್ಗರಣೆಯಲ್ಲಿ ಸ್ವಲ್ಪ ಬರೆದವನ ಕೈಯೂ ಇದೆ ಎಂದುಕೊಳ್ಳುವುದು ಕ್ಷೇಮ.

ಆ ಗ್ರೇಸ್ಟೇನ್ಸ್ ಹೆಸರೇ ಕೆಲವು ಪಟ್ಟಿಗಳಲ್ಲಿ ಬಿಷಪ್ ಎಂದಿದೆಯಲ್ಲ?

ಅವನೂ ಬಿಷಪನೇ, ಪೀಠ ದಕ್ಕದ ಬಿಷಪ್. 1333ರ ಸೆಪ್ಟೆಂಬರಿನಲ್ಲಿ ಲೂಯಿ ಸತ್ತ. ಅಕ್ಟೋಬರ್ 15ರಂದು ಸನ್ಯಾಸಿಗಳು ಗ್ರೇಸ್ಟೇನ್ಸನನ್ನು ಆರಿಸಿದರು. ಅದರ ಹಿಂದಿನ ದಿನವೇ ಪೋಪ್, ರಾಜನ ಆಪ್ತ ರಿಚರ್ಡ್ ದ ಬ್ಯೂರಿಯನ್ನು ನೇಮಿಸಿಯಾಗಿತ್ತು. ಆಗ ಪೋಪರ ಆಸ್ಥಾನ ಫ್ರಾನ್ಸಿನ ಅವಿನ್ಯೋನ್‌ನಲ್ಲಿ, ಸುದ್ದಿ ಬರಲು ವಾರಗಳು ಬೇಕು. ಯಾರ್ಕ್ ಆರ್ಚ್‌ಬಿಷಪ್ ನವೆಂಬರ್ 14ರಂದು ಗ್ರೇಸ್ಟೇನ್ಸನಿಗೆ ದೀಕ್ಷೆ ಕೊಟ್ಟೇಬಿಟ್ಟ, ಪೀಠಾರೋಹಣವೂ ಆಯಿತು. ರಾಜ ಆಸ್ತಿ ಬಿಟ್ಟುಕೊಡಲಿಲ್ಲ. ಬ್ಯೂರಿಗೆ ಡಿಸೆಂಬರ್ 19ರಂದು ದೀಕ್ಷೆಯಾಯಿತು, ಪೀಠ ಅವನದಾಯಿತು. ಮಠದ ಹತ್ತಿರ ಪೋಪರ ಮುಂದೆ ಮೊಕದ್ದಮೆ ನಡೆಸುವಷ್ಟು ಹಣವಿರಲಿಲ್ಲ. ದೀಕ್ಷೆ ಅಳಿಸಿಹೋಗುವಂಥದ್ದಲ್ಲ, ಆದ್ದರಿಂದ ಗ್ರೇಸ್ಟೇನ್ಸ್ ಬಿಷಪನಾಗಿಯೇ ಮಠದ ಕೋಣೆಗೆ ಮರಳಿದ.

ವಿಲಿಯಂ ಕ್ಯೂಮಿನ್ ಹೆಸರು ಕಂಡರೆ ಮಾತ್ರ ಹೊಡೆದುಹಾಕಿ. 1141ರಲ್ಲಿ ಬಿಷಪ್ ಜೆಫ್ರಿ ರೂಫಸ್ ಸತ್ತದ್ದನ್ನು ಕೆಲವು ದಿನ ಮುಚ್ಚಿಟ್ಟು ಕೋಟೆ ಹಿಡಿದುಕೊಂಡವನು ಅವನು, ಸ್ಕಾಟ್ಲೆಂಡ್ ರಾಜನ ಚಾನ್ಸಲರ್. ಪೋಪರ ಹೆಸರಿನ ಖೊಟ್ಟಿ ಪತ್ರವೂ ಹೊರಬಂತು. ಅವನಿಗೆ ಆಯ್ಕೆಯೂ ಇಲ್ಲ, ದೀಕ್ಷೆಯೂ ಇಲ್ಲ. 1143ರಲ್ಲಿ ಸರಿಯಾಗಿ ಆಯ್ಕೆಯಾದ ವಿಲಿಯಂ ಆಫ್ ಸೇಂಟ್ ಬಾರ್ಬ್ ಊರೊಳಗೆ ಕಾಲಿಡಲು 1144ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಒಬ್ಬನೇ ಬಿಷಪನಿಗೆ ಎರಡು-ಮೂರು ಇಸವಿ. ಯಾವುದನ್ನು ಬರೆಯಬೇಕು?

ಆಯ್ಕೆ, ಪೋಪರ ನೇಮಕ, ಆಸ್ತಿ ವಾಪಸು, ದೀಕ್ಷೆ, ಪೀಠಾರೋಹಣ ಎಲ್ಲಕ್ಕೂ ಬೇರೆ ಬೇರೆ ತಾರೀಖು. ಬೆಕ್ ಆಯ್ಕೆಯಾದದ್ದು 1283ರ ಜುಲೈ 9, ದೀಕ್ಷೆ 1284ರ ಜನವರಿ 9. ಲೂಯಿಗೆ 1317 ಮತ್ತು 1318. ಯಾವುದನ್ನಾದರೂ ಬಳಸಿ, ಆದರೆ ಪಟ್ಟಿಯುದ್ದಕ್ಕೂ ಒಂದನ್ನೇ ಬಳಸಿ, ಅದು ಯಾವುದೆಂದು ಮೇಲೆ ಬರೆಯಿರಿ.

ಎರಡನೇ ತೊಡಕು ಹೊಸ ವರ್ಷದ್ದು. 12ನೇ ಶತಮಾನದ ನಂತರದ ಇಂಗ್ಲಿಷ್ ಚರ್ಚ್ ದಾಖಲೆಗಳಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ದೇವದೂತ ಮರಿಯಮ್ಮನವರಿಗೆ ಶುಭಸಂದೇಶ ತಂದ ಹಬ್ಬದಂದು. ಬೆಕ್ ಸತ್ತದ್ದು ಮಾರ್ಚ್ 3ರಂದು, ಅಂದರೆ ಆ ಲೆಕ್ಕದಲ್ಲಿ 1310, ನಮ್ಮ ಲೆಕ್ಕದಲ್ಲಿ 1311. ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವ ತಾರೀಖು ಕಂಡರೂ ಒಂದು ವರ್ಷ ಕೂಡಿಸಬೇಕೇ ಎಂದು ಯೋಚಿಸಿ. ಅಚ್ಚಾದ ಪುಸ್ತಕದಲ್ಲಿ ಸಂಪಾದಕ ಆಗಲೇ ಕೂಡಿಸಿರಬಹುದು. ಅದನ್ನು ಗಮನಿಸದೆ ಮತ್ತೆ ಕೂಡಿಸಿದರೆ ಆ ಕಡೆ ತಪ್ಪು.

ಮೂರನೆಯದು ‘ನಮ್ಮ ಬಿಷಪ್ ಪದವಿಯ 12ನೇ ವರ್ಷ’ ಎಂಬ ಬಗೆಯ ಒಕ್ಕಣೆ. ಇದನ್ನು ದೀಕ್ಷೆಯ ದಿನದಿಂದ ಎಣಿಸುತ್ತಾರೆ. ಬೆಕ್‌ನ 12ನೇ ವರ್ಷ ಅಂದರೆ 1295ರ ಜನವರಿ 9ರಿಂದ 1296ರ ಜನವರಿ 8ರವರೆಗೆ. ಆಯ್ಕೆಯ ದಿನದಿಂದ ಎಣಿಸಿದರೆ ಆರು ತಿಂಗಳು ತಪ್ಪುತ್ತದೆ.

ಬಿಷಪನಿಗೂ ಕೆಥೆಡ್ರಲ್ ಸನ್ಯಾಸಿಗಳಿಗೂ ಸದಾ ಜಗಳ ಏಕೆ?

ಒಂದೇ ಆಸ್ತಿ, ಎರಡು ಮನೆ. 1083ರಲ್ಲಿ ಬಿಷಪ್ ವಿಲಿಯಂ ಆಫ್ ಸೇಂಟ್ ಕಲೇ ಅಲ್ಲಿದ್ದ ಹೆಂಡತಿ-ಮಕ್ಕಳಿದ್ದ ಪಾದ್ರಿಗಳನ್ನು ಹೊರಗೆ ಹಾಕಿ, ಜ್ಯಾರೋ ಮತ್ತು ವೇರ್ಮತ್‌ಗಳಿಂದ 23 ಬೆನೆಡಿಕ್ಟೀನ್ ಸನ್ಯಾಸಿಗಳನ್ನು ತಂದ. ಹೊಸ ಕೆಥೆಡ್ರಲ್‌ಗೆ 1093ರ ಆಗಸ್ಟ್ 11ರಂದು ಅಡಿಪಾಯ ಹಾಕಿಸಿದವನೂ ಅವನೇ. 40 ವರ್ಷದಲ್ಲಿ ಕಲ್ಲಿನ ಕಮಾನು ಚಾವಣಿಯ ಸಮೇತ ಮುಗಿದದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಬಿಷಪ್ ಹೆಸರಿಗೆ ಮಠದ ಮುಖ್ಯಸ್ಥ, ನಡೆಸುವವನು ಪ್ರಯರ್. ಯಾವ ಊರು ಯಾರಿಗೆ, ಯಾವ ಚರ್ಚಿಗೆ ಪಾದ್ರಿಯನ್ನು ಯಾರು ಹಾಕಬೇಕು ಎಂಬುದೆಲ್ಲ ಬರವಣಿಗೆಯಲ್ಲಿ ಸ್ಪಷ್ಟವಿರಲಿಲ್ಲ. 12ನೇ ಶತಮಾನದ ಸನ್ಯಾಸಿಗಳು ಸೇಂಟ್ ಕಲೇ ಹೆಸರಿನಲ್ಲಿ ಸನ್ನದುಗಳನ್ನು ತಾವೇ ಸೃಷ್ಟಿಸಿ ಆ ಕೊರತೆ ತುಂಬಿಕೊಂಡರು. 1229ರಲ್ಲಿ ಬಿಷಪ್ ರಿಚರ್ಡ್ ಪೂರ್ ಒಂದು ಲಿಖಿತ ಒಪ್ಪಂದ ಮಾಡಿದ ಮೇಲೆ ಸ್ವಲ್ಪ ತಣ್ಣಗಾಯಿತು.

ಮತ್ತೆ ಕೆದಕಿದ್ದು ಬೆಕ್. 1300ರಲ್ಲಿ ಮಠದ ತಪಾಸಣೆಗೆ ಪರಿವಾರ ಸಮೇತ ಬಂದ. ಒಬ್ಬರೇ ಬನ್ನಿ ಎಂದ ಪ್ರಯರ್ ರಿಚರ್ಡ್ ಹೋಟನ್. ಬೆಕ್ ಅವನನ್ನು ಬಹಿಷ್ಕರಿಸಿದ, ಮಠಕ್ಕೆ ಮುತ್ತಿಗೆ ಹಾಕಿಸಿದ, ನೀರಿನ ಕೊಳವೆ ಕಡಿಸಿದ, ಬೇರೊಬ್ಬ ಪ್ರಯರನನ್ನು ಕೂರಿಸಿದ. ಮೊಕದ್ದಮೆ ರೋಮ್‌ವರೆಗೆ ಹೋಯಿತು. ಹೋಟನ್ 1308ರಲ್ಲಿ ಸಾಯುವವರೆಗೂ ಹೋರಾಡಿದ.

ಕೆಥೆಡ್ರಲ್ ನೆಲದಲ್ಲಿ ಹೆಂಗಸರು ದಾಟಬಾರದ ಗೆರೆ ಇದೆಯಂತೆ?

ಗೆರೆ ಇದೆ, ನಿಷೇಧ ಈಗಿಲ್ಲ, ಅದು ಮಠದ ಕಾಲದ್ದು. ಪಶ್ಚಿಮದ ಕಡೆ ಹಜಾರದ ನೆಲದಲ್ಲಿ ಫ್ರಾಸ್ಟರ್ಲಿ ಎಂಬ ಊರಿನ ಕಪ್ಪುಕಲ್ಲಿನ ಪಟ್ಟಿ. ಸಂತ ಕತ್ಬರ್ಟರಿಗೆ ಹೆಂಗಸರೆಂದರೆ ಆಗುತ್ತಿರಲಿಲ್ಲ ಎಂಬುದು ಸನ್ಯಾಸಿಗಳು ಕೊಟ್ಟ ಕಾರಣ. ಬದುಕಿದ್ದಾಗ ಅವರು ಎಲ್‌ಫ್ಲೆಡ್‌ಳಂಥ ಮಠಾಧಿಪತಿ ಸನ್ಯಾಸಿನಿಯರೊಡನೆ ಸ್ನೇಹದಿಂದಿದ್ದರು. ಈ ಕಥೆ ಬಲವಾದದ್ದು 1083ರಲ್ಲಿ ಸಂಸಾರಸ್ಥ ಪಾದ್ರಿಗಳನ್ನು ಓಡಿಸಿದ ಮೇಲೆ. ಓಡಿಸಿದವರಿಗೆ ಸಂತರ ಬೆಂಬಲ ಬೇಕಿತ್ತು.

ಬಿಷಪನ ಆದಾಯ ಎಲ್ಲಿಂದ ಬರುತ್ತಿತ್ತು?

ಊರೂರಿನ ಒಕ್ಕಲಿನಿಂದ. 1086ರ ರಾಜನ ಭೂ ಸಮೀಕ್ಷೆ ಡರ್ಹಮ್‌ವರೆಗೆ ಬರಲಿಲ್ಲ. ಅದಕ್ಕೆ ಬದಲಾಗಿ ಇರುವುದು 1183ರಲ್ಲಿ ಬಿಷಪ್ ಹ್ಯೂ ದ್ಯು ಪ್ಯುಯಿಸೆ ಮಾಡಿಸಿದ ‘ಬೋಲ್ಡನ್’ ಲೆಕ್ಕ. ಬೋಲ್ಡನ್ ಊರಿನ ಕಲಂ ನೋಡಿ: 22 ಒಕ್ಕಲು, ಪ್ರತಿಯೊಬ್ಬನಿಗೆ 30 ಎಕರೆ. ವರ್ಷಕ್ಕೆ ಒಬ್ಬೊಬ್ಬ ಕೊಡಬೇಕಾದದ್ದು 2 ಶಿಲಿಂಗ್ 6 ಪೆನ್ಸ್ ಒಂದು ಬಾಬ್ತು, 16 ಪೆನ್ಸ್ ಇನ್ನೊಂದು, ಗೊತ್ತಾದ ಅಳತೆಯ ಓಟ್ಸ್, 5 ಗಾಡಿ ಸೌದೆ, 2 ಕೋಳಿ, 10 ಮೊಟ್ಟೆ. ಜೊತೆಗೆ ವಾರಕ್ಕೆ ಮೂರು ದಿನ ಬಿಷಪನ ಹೊಲದಲ್ಲಿ ಬಿಟ್ಟಿ ದುಡಿಮೆ. ರಜೆ ಈಸ್ಟರ್ ವಾರ, ಪೆಂತೆಕೋಸ್ತ್ ವಾರ, ಕ್ರಿಸ್‌ಮಸ್‌ಗೆ 13 ದಿನ. ಆಕ್ಲಂಡ್ ಕಡೆಯವರಿಗೆ ಇನ್ನೊಂದು ಕೆಲಸ: ಬಿಷಪ್ ಬೇಟೆಗೆ ಬಂದಾಗ ಕಾಡಿನಲ್ಲಿ 60 ಅಡಿ ಉದ್ದ, 16 ಅಡಿ ಅಗಲದ ಹಜಾರ ಕಟ್ಟಿ, ಉಗ್ರಾಣ, ಮಲಗುವ ಕೋಣೆ, ಪಾಯಿಖಾನೆ ಸಮೇತ ಒಪ್ಪಿಸುವುದು.

ಹಳ್ಳಿಗಳ ಲೆಕ್ಕ ಓದುವಾಗ ಒಂದು ಎಚ್ಚರ. ‘ಬೋಲ್ಡನ್‌ನಲ್ಲಿದ್ದಂತೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವ ಊರುಗಳಿವೆ. ಅಲ್ಲಿ ಏನೂ ಬಾಕಿ ಇರಲಿಲ್ಲ ಎಂದು ತಿಳಿಯಬಾರದು. ಮೇಲಿನ ಪಟ್ಟಿಯೇ ಅಲ್ಲಿಗೂ ಅನ್ವಯ.

16ನೇ ಶತಮಾನಕ್ಕೆ ಬರುವ ಹೊತ್ತಿಗೆ, 1535ರ ಚರ್ಚ್ ಆದಾಯ ಪಟ್ಟಿಯಲ್ಲಿ ಬಿಷಪನ ವರಮಾನ ವರ್ಷಕ್ಕೆ ಸುಮಾರು 2,800 ಪೌಂಡ್.

ಡರ್ಹಮ್ ಬೆಳ್ಳಿ ಪೆನ್ನಿ ಯಾವ ಬಿಷಪನದು ಎಂದು ಹೇಗೆ ಗುರುತಿಸುವುದು?

ಮುಖದಲ್ಲಿ ಹುಡುಕಬೇಡಿ. ಅಲ್ಲಿರುವುದು ರಾಜನ ತಲೆ, ರಾಜನ ಹೆಸರು. ಅಚ್ಚುಗಳೂ ರಾಜನ ಕಡೆಯಿಂದ ಲಂಡನ್ನಿನಿಂದಲೇ ಬರುತ್ತಿದ್ದವು. ಬಿಷಪ್ ಇಣುಕುವುದು ಒಂದು ಸಣ್ಣ ಗುರುತಿನಲ್ಲಿ. 1279ರ ಸುಧಾರಣೆಯ ನಂತರದ ಪೆನ್ನಿ ಸುಮಾರು 1.4 ಗ್ರಾಂ ತೂಕ, ಹಿಂಬದಿಯಲ್ಲಿ ಅಂಚಿನವರೆಗೆ ಚಾಚಿದ ಶಿಲುಬೆ, ಸುತ್ತ ಡರ್ಹಮ್ ಹೆಸರಿನ ಲ್ಯಾಟಿನ್ ರೂಪ.

ಅಕ್ಷರಸಾಲು ಶುರುವಾಗುವ ಕಡೆ ತುದಿಗಳು ಎರಡಾಗಿ ಸೀಳಿ ಬಾಗಿದ ಶಿಲುಬೆ ಇದ್ದರೆ ಬೆಕ್. ಸಿಂಹ ಮತ್ತು ಲಿಲಿ ಹೂವಿದ್ದರೆ ಲೂಯಿ ದ ಬೋಮಾಂಟ್, ಅವನ ಮನೆತನದ ಲಾಂಛನ ಅದು. ಹಿಂಬದಿಯ ಶಿಲುಬೆಯ ಒಂದು ತೋಳೇ ಬಿಷಪನ ದಂಡದಂತೆ ಬಾಗಿದ್ದರೆ ಕೆಲ್ಲಾ ಅಥವಾ ಹ್ಯಾಟ್‌ಫೀಲ್ಡ್. ಇವರಿಬ್ಬರನ್ನು ನಾಣ್ಯದ ಕಾಲದಿಂದ ಬೇರ್ಪಡಿಸಬೇಕು, ಕೆಲ್ಲಾ ಇದ್ದದ್ದು ಎರಡನೇ ಎಡ್ವರ್ಡ್ ಕಾಲದಲ್ಲಿ (1311–1316), ಹ್ಯಾಟ್‌ಫೀಲ್ಡ್ ಮೂರನೇ ಎಡ್ವರ್ಡ್ ಕಾಲದಲ್ಲಿ (1345ರಿಂದ). ಗುರಾಣಿಯ ಕೆಳಗೆ ಕಾರ್ಡಿನಲ್ ಟೋಪಿ ಇದ್ದರೆ ವುಲ್ಸಿ. ಡರ್ಹಮ್‌ಗೆ ಒಮ್ಮೆಯೂ ಕಾಲಿಡದೆ 1523ರಿಂದ 1529ರವರೆಗೆ ಅದರ ಆದಾಯ ತಿಂದವನು.

ತೊಂದರೆ ಏನೆಂದರೆ ಆ ಕಾಲದ ನಾಣ್ಯಗಳ ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಗುರುತು ಇರುವುದೂ ಅಂಚಿನ ಹತ್ತಿರವೇ. ಅಂಚು ಸವೆದ ಪೆನ್ನಿಯಲ್ಲಿ ಬೆಕ್‌ನ ಶಿಲುಬೆ ಸಾದಾ ಶಿಲುಬೆಯಂತೆ ಕಾಣುತ್ತದೆ.

ಮುದ್ರೆ ನೋಡಿ ದಾಖಲೆ ಯಾವ ಬಗೆಯದು ಎಂದು ಹೇಳಬಹುದೇ?

ಬಹಳ ಸಲ ಹೇಳಬಹುದು. ಬಾದಾಮಿ ಆಕಾರದ ಮೊನಚು ಮುದ್ರೆ, ನಿಂತು ಆಶೀರ್ವದಿಸುವ ಬಿಷಪ್: ಧರ್ಮಪ್ರಾಂತ್ಯದ ಕೆಲಸ. ದುಂಡಗಿನ, ಎರಡು ಬದಿಯ ದೊಡ್ಡ ಮುದ್ರೆ: ಲೌಕಿಕ ಆಡಳಿತದ್ದು. 14ನೇ ಶತಮಾನದ ಹ್ಯಾಟ್‌ಫೀಲ್ಡ್‌ನ ದುಂಡು ಮುದ್ರೆಯಲ್ಲಿ ಒಂದು ಬದಿ ಸಿಂಹಾಸನದ ಮೇಲೆ ಕೂತ ಬಿಷಪ್, ಇನ್ನೊಂದು ಬದಿ ಕವಚ ತೊಟ್ಟು ಕತ್ತಿ ಹಿರಿದು ಕುದುರೆ ಓಡಿಸುವ ಅದೇ ಬಿಷಪ್, ಶಿರಸ್ತ್ರಾಣದ ಮೇಲೆ ಬಿಷಪರ ಮುಡಿ. ರಾಜನ ಮಹಾಮುದ್ರೆಯ ನೇರ ನಕಲು ಅದು.

ಅಪರಾಧಿಗಳು ಕೆಥೆಡ್ರಲ್‌ನಲ್ಲಿ ಅಡಗಬಹುದಿತ್ತೇ?

37 ದಿನ. ಉತ್ತರದ ಬಾಗಿಲಿನ ಕಂಚಿನ ಮೃಗಮುಖದ ಬಳೆ ಬಡಿದರೆ ಒಳಗೆ ಬಿಡುತ್ತಿದ್ದರು. ಎಡಭುಜದ ಮೇಲೆ ಹಳದಿ ಶಿಲುಬೆಯ ಕಪ್ಪು ನಿಲುವಂಗಿ ತೊಡಿಸುತ್ತಿದ್ದರು. ಅಷ್ಟರೊಳಗೆ ಕ್ಷಮೆ ಸಿಗದಿದ್ದರೆ ದೇಶ ಬಿಡಬೇಕು. 1464ರಿಂದ 1524ರವರೆಗೆ ಬಂದವರ ದಾಖಲೆ ಉಳಿದಿದೆ. ಈಗ ಬಾಗಿಲಿನಲ್ಲಿರುವುದು ನಕಲು, ಮೂಲ ಬಳೆ ಒಳಗಿನ ಸಂಗ್ರಹಾಲಯದಲ್ಲಿದೆ.

ಇದೇ ಕಾಲದಲ್ಲಿ ಭಾರತದಲ್ಲಿ ಲ್ಯಾಟಿನ್ ಧರ್ಮಪ್ರಾಂತ್ಯ ಇತ್ತೇ?

ಇತ್ತು, ಅದೂ ಲೂಯಿ ದ ಬೋಮಾಂಟನನ್ನು ನೇಮಿಸಿದ ಪೋಪರದೇ ಸ್ಥಾಪನೆ. 22ನೇ ಯೊವಾನ್ನರು 1329ರಲ್ಲಿ ಕೇರಳದ ಕೊಲ್ಲಂ ಅನ್ನು ಧರ್ಮಪ್ರಾಂತ್ಯ ಮಾಡಿ, ಜೋರ್ಡನ್ ಕತಲಾನಿ ಎಂಬ ಡೊಮಿನಿಕನ್ ಸನ್ಯಾಸಿಯನ್ನು ಬಿಷಪನಾಗಿ ನೇಮಿಸಿದರು.

ಕ್ಯಾಥೊಲಿಕ್ ಪೀಠ ಕೊನೆಯಾದದ್ದು ಯಾವಾಗ?

ಒಂದೇ ದಿನದಲ್ಲಲ್ಲ. 1536ರ ಕಾನೂನು ಬಿಷಪನ ಕ್ಷಮಾದಾನದ ಅಧಿಕಾರ ಕಸಿದು, ಆಜ್ಞಾಪತ್ರಗಳು ರಾಜನ ಹೆಸರಿನಲ್ಲೇ ಹೊರಡಬೇಕೆಂದಿತು. 1539ರ ಡಿಸೆಂಬರ್ 31ರಂದು ಮಠ ಮುಚ್ಚಿತು. ಕೊನೆಯ ಪ್ರಯರ್ ಹ್ಯೂ ವೈಟ್‌ಹೆಡ್ ಹೊಸ ವ್ಯವಸ್ಥೆಯಲ್ಲಿ ಕೆಥೆಡ್ರಲ್ ನೋಡಿಕೊಳ್ಳುವ ಮೊದಲ ಡೀನ್ ಆದ. ಬಿಷಪ್ ಕತ್ಬರ್ಟ್ ಟನ್‌ಸ್ಟಲ್ 1530ರಲ್ಲಿ ಬಂದವನು. ಆರನೇ ಎಡ್ವರ್ಡ್ ಕಾಲದಲ್ಲಿ ಪದಚ್ಯುತನಾಗಿ, ರಾಣಿ ಮೇರಿಯ ಕಾಲದಲ್ಲಿ ಮರಳಿ, 1559ರಲ್ಲಿ ಒಂದನೇ ಎಲಿಜಬೆತ್‌ಗೆ ಪ್ರಮಾಣ ಮಾಡಲು ಒಪ್ಪದೆ ಮತ್ತೆ ಪೀಠ ಕಳೆದುಕೊಂಡ. ರೋಮ್‌ನೊಡನೆ ಸಂಬಂಧವಿದ್ದ ಕೊನೆಯ ಡರ್ಹಮ್ ಬಿಷಪ್ ಅವನು. ಲೌಕಿಕ ಅಧಿಕಾರದ ಉಳಿಕೆಗಳು ಆಂಗ್ಲಿಕನ್ ಬಿಷಪರ ಕೈಯಲ್ಲಿ 1836ರವರೆಗೂ ಇದ್ದವು.

ಇಂದು ಕೆಥೆಡ್ರಲ್ ಆಂಗ್ಲಿಕನ್ ಚರ್ಚಿನದು. ಆ ಭಾಗದ ಕ್ಯಾಥೊಲಿಕರು ಹೆಕ್ಸಮ್ ಮತ್ತು ನ್ಯೂಕಾಸಲ್ ಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರ ಪಾಲಕ ಸಂತರೂ ಕತ್ಬರ್ಟರೇ.

ಮೂಲ ದಾಖಲೆ ನೋಡಬೇಕೆಂದರೆ ಎಲ್ಲಿ ಹುಡುಕಬೇಕು?

ಮೊದಲು ಕೆಲಸದ ಬಗೆ ನಿರ್ಧರಿಸಿ. ಪಾದ್ರಿಯ ನೇಮಕ, ದೀಕ್ಷೆ, ತಪಾಸಣೆಯಂಥವು ಬಿಷಪನ ರಿಜಿಸ್ಟರಿನಲ್ಲಿ. ಡರ್ಹಮ್‌ನಲ್ಲಿ ಇವು ಸರಣಿಯಾಗಿ ಉಳಿದಿಲ್ಲ: ಕೆಲ್ಲಾ, ಹ್ಯಾಟ್‌ಫೀಲ್ಡ್, ಲ್ಯಾಂಗ್ಲಿ, ಫಾಕ್ಸ್, ಟನ್‌ಸ್ಟಲ್ ಅವರವು ಮುಖ್ಯವಾದವು. ಬೆಕ್‌ನ ರಿಜಿಸ್ಟರ್ ಕಳೆದುಹೋಗಿದೆ. ಕೆಲ್ಲಾನ ರಿಜಿಸ್ಟರಿನಲ್ಲಿ ಲೌಕಿಕ ಆಡಳಿತದ ಪತ್ರಗಳೂ ಬೆರೆತಿವೆ. ಮಠದ ಲೆಕ್ಕಪತ್ರ, ಸನ್ನದುಗಳನ್ನು ಡರ್ಹಮ್‌ನಲ್ಲೇ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಬಿಷಪನ ನ್ಯಾಯಾಲಯ, ಪತ್ರಾಗಾರಗಳ ಕಡತಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪೀಠ ಖಾಲಿ ಇದ್ದ ವರ್ಷಗಳಿಗೆ ಡರ್ಹಮ್ ಕಪಾಟುಗಳನ್ನು ಮಾತ್ರ ನಂಬಬೇಡಿ. ಆ ಅವಧಿಯ ಲೆಕ್ಕ ರಾಜನ ಖಜಾನೆಯ ಸುರುಳಿಗಳಲ್ಲೂ ಯಾರ್ಕ್ ಆರ್ಚ್‌ಬಿಷಪನ ರಿಜಿಸ್ಟರಿನಲ್ಲೂ ಹಂಚಿಹೋಗಿರುತ್ತದೆ.